ದಾರಿ ಬಿಟ್ಟವರು

ಮೊದಲ ದಿನ ಹದಿನಾಲ್ಕು ಢಿಕ್ಕಿ.
ಒಂದು ಊರುಗೋಲಿಗೆ, ಎರಡು ಗೋಡೆಗೆ,
ಒಂದು (ಬರೆದುಕೊಳ್ಳುವಾಗ ನಗು ಬಂತು)
ನನ್ನದೇ ಕಾಲಿಗೆ.
ಉಳಿದವು ಜನಕ್ಕೆ.

ಶಿವಮೊಗ್ಗದ ಆಸ್ಪತ್ರೆ, ಎರಡನೇ ಮಹಡಿ.
ಔಷಧಿ ಹೊತ್ತು ತಾನೇ ದಾರಿ ಹುಡುಕುವ ಗಾಡಿ,
ಸೊಂಟದೆತ್ತರ, ಮೂರು ಖಾನೆ,
ನೆತ್ತಿಯ ಮೇಲೆ ಗಿರಗಿರ ತಿರುಗುವ ಕಣ್ಣು.
ಕಾಗದದಲ್ಲಿ ಅದು ವಾಹಕ-ಎರಡು.
ನೆಲ ಒರೆಸುವ ಹಾಲಮ್ಮ ಇಟ್ಟ ಹೆಸರು ಡಬ್ಬಣ್ಣ.

ಮೂವತ್ತನೇ ದಿನ ಢಿಕ್ಕಿ ಸೊನ್ನೆ.
ಗ್ರಾಫು ತುಂಗೆಯ ಸೋಪಾನದ ಹಾಗೆ
ಒಂದೊಂದೇ ಮೆಟ್ಟಿಲು ಇಳಿದು ನೀರು ಮುಟ್ಟಿತ್ತು.
‘ನೋಡಿ, ಕಲಿತುಬಿಟ್ಟಿದೆ!’ ಅಂದರು ಗೈಡು,
ಟೀ ತರಿಸಿದರು, ಜೊತೆಗೆ ನಿಪ್ಪಟ್ಟು.

ನಾನೂ ತಿಂದೆ.
ದುರ್ಗಿಗುಡಿಯ ರೂಮಿಗೆ ಬಂದು ಚಪ್ಪಲಿ ಬಿಡುವಾಗ ನೆನಪಾಯಿತು:
ಕಲಿಯುವ ಭಾಗಕ್ಕೆ ಮೊದಲ ದಿನವೇ ನಾನು ಬೀಗ ಹಾಕಿದ್ದೆ.
ಪರೀಕ್ಷೆ ಅಂದರೆ ಪರೀಕ್ಷೆ.
ಅದರೊಳಗೆ ಒಂದಕ್ಷರ ಬದಲಾಗಿಲ್ಲ.

ಹಾಗಾದರೆ ಕಲಿತವರು ಯಾರು?

ರಾತ್ರಿಯಿಡೀ ವಿಡಿಯೋ ನೋಡಿದೆ.
ಗಾಲಿಯ ಸದ್ದು ಕೇಳುವ ಮೊದಲೇ
ಹಾಲಮ್ಮ ಬಕೆಟ್ಟನ್ನು ಕಾಲಲ್ಲಿ ಒತ್ತಿ ಗೋಡೆಗೆ ಸರಿಯುತ್ತಾಳೆ.
ಜೆಸಿಂತಾ ಸಿಸ್ಟರ್ ತಿರುವಿನಲ್ಲಿ ನಿಂತು
ಮನಸ್ಸಿನಲ್ಲೇ ಎರಡು ಎಣಿಸುತ್ತಾರೆ.
ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡ ಹುಡುಗನೊಬ್ಬ
ಹೊಸದಾಗಿ ಬಂದವರಿಗೆ ಕಂಡಕ್ಟರನ ಹಾಗೆ ಕೂಗುತ್ತಾನೆ,
‘ಎಡಕ್ಕೆ ಬನ್ನಿ, ಎಡಕ್ಕೆ! ಅದು ಬಲ ಬಿಡೋದಿಲ್ಲ!’

ಇಪ್ಪತ್ತೆರಡನೇ ದಿನ ಒಂದು ಸ್ಟ್ರೆಚರ್ರೂ ನಿಂತಿತ್ತು.
ಹನ್ನೊಂದು ಸೆಕೆಂಡು.
ಮೇಲೆ ಮಲಗಿದ್ದವನ ಬೆರಳು ಕಂಬಿಯನ್ನು ತಟ್ಟುತ್ತಿತ್ತು,
ನೋವಿಗೋ ಬೇಸರಕ್ಕೋ ತಿಳಿಯದು, ಧ್ವನಿ ಇರಲಿಲ್ಲ.
ಗಾಡಿ ತಡವಾದರೆ ಬರೆಯಲು ನನ್ನ ಪಟ್ಟಿಯಲ್ಲಿ ಜಾಗವಿದೆ.
ಅವನು ತಡವಾದದ್ದಕ್ಕೆ ಇಲ್ಲ.

ಇಡೀ ತಿಂಗಳಲ್ಲಿ ಸರಿಯದೇ ಇದ್ದವಳು ಒಬ್ಬಳೇ,
ನಿಟ್ಟೂರಿನ ಕಡೆಯ ದ್ಯಾವಮ್ಮ.
ಮಗಳ ಹೆರಿಗೆಗೆ ಬಂದವಳು,
ಬಂದ ಮೊದಲ ರಾತ್ರಿ,
ಚೀಲವನ್ನು ತಲೆಗೆ ಇಟ್ಟುಕೊಂಡು
ದಾರಿಗೆ ಅಡ್ಡಲಾಗಿ ನಿದ್ದೆಹೋಗಿದ್ದಳು.
ಗಾಡಿ ಅವಳ ಪಾದದಿಂದ ಒಂದು ಗೇಣು ದೂರದಲ್ಲಿ ನಿಂತಿತು.
ರಾತ್ರಿ ಹೊತ್ತು ‘ದಯವಿಟ್ಟು ದಾರಿ ಬಿಡಿ’ ಅನ್ನಬಾರದೆಂದು
ಅದರ ಬಾಯಿ ಕಟ್ಟಿದವಳು ನಾನೇ.
ನಲವತ್ತೆರಡು ನಿಮಿಷ.
ಕಣ್ಣು ಮಾತ್ರ ತಿರುಗುತ್ತ ತಿರುಗುತ್ತ.
ದಾಖಲೆ: ವಿಫಲ. ಕಾರಣ: ಚಲಿಸದ ಅಡಚಣೆ.

ನಾಲ್ಕು ಗಂಟೆಗೆ ಎಚ್ಚರವಾಯಿತು ಅಡಚಣೆಗೆ.
ಕೂತು, ತುರುಬು ಬಿಗಿದು, ಅದನ್ನೇ ನೋಡಿತು.
‘ಎಷ್ಟೊತ್ತಿಂದ ನಿಂತಿದೀಯ ಮಾರಾಯ,
ಒಂದು ಮಾತು ಎಬ್ಬಿಸಬಾರದಿತ್ತಾ?’
ಕಾಲು ಮಡಚಿಕೊಂಡಳು.
ಅದು ಹೋಯಿತು.
ತಿರುವು ದಾಟುವವರೆಗೂ ಅವಳು ಅತ್ತಲೇ ನೋಡುತ್ತಿದ್ದಳು,
ಏನೋ ಕೇಳಿದ್ದಕ್ಕೆ ಉತ್ತರ ಬಾರದವಳ ಹಾಗೆ.
ಮರುದಿನದಿಂದ ಗೋಡೆಯ ಬುಡದಲ್ಲೇ ಮಲಗಿದಳು.
ನನ್ನ ಗ್ರಾಫು ಇನ್ನೊಂದು ಮೆಟ್ಟಿಲು ಇಳಿಯಿತು.

ಗೈಡಿಗೆ ಹೇಳಿದೆ.
ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.
‘ಯಾರು ಸರಿದರು ಅಂತ ಅಳೆಯೋಕೆ ಹೋದರೆ
ಬೇರೆಯವರ ಗಾಡಿಗಳ ಜೊತೆ ಹೋಲಿಸೋದು ಹೇಗೆ?
ಅವರು ಯಾರೂ ಅಳೆದಿಲ್ಲವಲ್ಲ.’
ಸುಳ್ಳೇನೂ ಅಲ್ಲ ಆ ಮಾತು.
ಆದರೂ ಪಟ್ಟಿಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದೆ,
ತಲೆಯಲ್ಲಿ ಏನು ಬರೆಯಬೇಕೋ ತೋಚದೆ ಖಾಲಿ ಬಿಟ್ಟೆ.

ಸಂಜೆ ರೂಮಿನಲ್ಲಿ ದುಪಟ್ಟಾ ಕೊಡವಿದಾಗ
ಸುಣ್ಣ ಉದುರಿತು.
ಬೆನ್ನ ಮೇಲೂ, ಎರಡು ರೆಕ್ಕೆಯ ಮೂಳೆಯ ಜಾಗದಲ್ಲಿ,
ಆಸ್ಪತ್ರೆಯ ಗೋಡೆಯ ಬಿಳಿ.
ಯಾವಾಗ ಒರಗಿದ್ದೆನೋ,
ಎಷ್ಟು ಸಲವೋ.